ಬರಿಗಾಲಲ್ಲಿ ಗೆದ್ದ ಏಷ್ಯಾ

ವಿಜಯಪುರದ ಗೆಳೆಯರೇ, ಕೊನೇ ಬಸ್ಸಿನ ಚಿಂತೆ ಇಟ್ಟುಕೊಂಡೇ ತಿಕೋಟಾ, ಬಬಲೇಶ್ವರದಿಂದ ಬಂದು ಕೂತಿರುವ ಹಿರಿಯರೇ, ನಮಸ್ಕಾರ.

ಮಳೆ ಬಿದ್ದ ಎರೆಹೊಲಕ್ಕೆ ಇಳಿಯುವಾಗ ನಮ್ಮ ಮಂದಿ ಮೊದಲು ಚಪ್ಪಲಿ ಕೈಗೆ ತಗೋತಾರೆ. ನೆಲದ ಹದ ಗೊತ್ತಾಗೋದು ಅಂಗಾಲಿಗೆ. ಇವತ್ತು ಹೇಳೋದು ಅಂಥ ಅಂಗಾಲುಗಳ ಕಥೆ.

1948ರ ಜುಲೈ 31, ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಅಂಗಳ. ಭಾರತದ ಎದುರಿಗೆ ಫ್ರಾನ್ಸ್. ಸ್ವಾತಂತ್ರ್ಯಕ್ಕೆ ಇನ್ನೂ ವರ್ಷ ತುಂಬಿಲ್ಲ. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥ. 2–1ರಿಂದ ಸೋತೆವು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತದ ಮೊದಲ ಗೋಲು ಅದೇ.

ಬೂಟಿಲ್ಲದ್ದಕ್ಕೇ 1950ರ ವಿಶ್ವಕಪ್ಪಿಗೆ ಬಿಡಲಿಲ್ಲ ಅನ್ನೋ ಮಾತು ಕಟ್ಟೆಕಟ್ಟೆಗಳಲ್ಲಿ ಓಡಾಡುತ್ತದೆ. ಚಂದದ ಕಥೆ, ನಾನು ಮಾತ್ರ ನಂಬೋದಿಲ್ಲ. ವಿಶ್ವಕಪ್ ನಡೆದ ಬ್ರೆಜಿಲ್ ದೂರ, ತಯಾರಿ ಸಾಲದು; ಮೇಲಾಗಿ ಅಂದಿನ ನಮ್ಮ ಅಧಿಕಾರಿಗಳಿಗೆ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದಾಗಿ ಕಾಣಲೇ ಇಲ್ಲ.

ಮರುವರ್ಷ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ಫುಟ್‌ಬಾಲಿಗೆ ಬಂದದ್ದು ಆರೇ ತಂಡ: ಭಾರತ, ಇರಾನ್, ಜಪಾನ್, ಅಫ್ಘಾನಿಸ್ತಾನ, ಇಂಡೋನೇಷ್ಯಾ, ಬರ್ಮಾ. ನಮ್ಮ ತಂಡವನ್ನು ತಿದ್ದಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮಾಸ್ತರರು. ನಾಯಕ ಶೈಲೇನ್ ಮನ್ನಾ. ಮುಂಚೂಣಿಯಲ್ಲಿ ಬೆಂಗಳೂರಿನ ಅಹ್ಮದ್ ಖಾನ್. ಇಂಡೋನೇಷ್ಯಾ ಮೇಲೆ 3–0, ಅಫ್ಘಾನಿಸ್ತಾನದ ಮೇಲೆ 3–0. ಅತ್ತ ಜಪಾನನ್ನು ದಾಟಲು ಇರಾನ್ ಎರಡು ಸಲ ಆಡಬೇಕಾಯಿತು. ಫೈನಲ್‌ನಲ್ಲಿ ಮೇವಾಲಾಲ್ ಒಂದು ಗೋಲು ಹೊಡೆದರು, ಅಷ್ಟೇ ಸಾಕಾಯಿತು. ಮೂರು ಪಂದ್ಯ, ಏಳು ಗೋಲು, ನಮ್ಮ ಬಲೆಗೆ ಒಂದೂ ಬೀಳಲಿಲ್ಲ.

ಆದರೆ ದಿಲ್ಲಿಯ ನೆಲ ಬೇರೆ, ಹೆಲ್ಸಿಂಕಿಯ ನೆಲ ಬೇರೆ. 1952ರ ಒಲಿಂಪಿಕ್ಸ್‌ನಲ್ಲಿ ಆ ಚಳಿಗೆ, ಆ ಒದ್ದೆ ಹುಲ್ಲಿಗೆ ಬರಿಗಾಲಿನ ಆಟ ನಡೆಯಲಿಲ್ಲ. ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ನಮ್ಮದು ಒಂದು. ಅದನ್ನು ಹೊಡೆದವರೂ ಅಹ್ಮದ್ ಖಾನರೇ. ಊರಿಗೆ ಬಂದ ಮೇಲೆ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ಇಲ್ಲೊಂದು ನಮ್ಮ ಲೆಕ್ಕವೂ ಇದೆ. ರಾಮನ್ ಗೋಲು ಹೊಡೆದಾಗ ಬಿಜಾಪುರ, ಅಂದರೆ ನಮ್ಮ ಈ ವಿಜಯಪುರ, ಇದ್ದದ್ದು ಮುಂಬೈ ಪ್ರಾಂತದಲ್ಲಿ. ಬೆಂಗಳೂರಿನವರ ರಾಜ್ಯ ಮೈಸೂರು, ನಮ್ಮದಲ್ಲ. 1956ರ ನವೆಂಬರ್ 1ಕ್ಕೆ ಏಕೀಕರಣವಾಯಿತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮ್ ಮಾಸ್ತರರ ಇದೇ ಭಾರತ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿತು. ಮೂರು ಗೋಲು ನೆವಿಲ್ ಡಿಸೋಜಾ ಅವರವು. ಆ ತಂಡದ ನಡುಸಾಲಿನಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಅಷ್ಟೊತ್ತಿಗೆ ಅವರೂ ನಾವೂ ಒಂದೇ ರಾಜ್ಯದವರು.