ಔಷಧಿ ಹೊಡೆಯುವವನ ಕಣ್ಣು



ಅಡಿಕೆ ಧಾರಣೆ, ಸೊಸೈಟಿ ಸಾಲ, ಬಡ್ಡಿ ಅಂತ ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಇವತ್ತು ಕಣ್ಣಿನ ವಿಷಯ. ಇದೂ ಸಾಲದ ವಿಷಯವೇ. ಕೊನೆಗಾರನ ಕಣ್ಣು ಹೋದರೆ ಅವನು ಮರ ಹತ್ತುವಂತಿಲ್ಲ, ಅವನ ಸಂಸಾರ ಸಾಲಕ್ಕೆ ಬಿತ್ತು ಅಂತಲೇ ಲೆಕ್ಕ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ದೋಟಿ ಹಿಡಿದವನು ಮೇಲೆ ನೋಡುತ್ತಲೇ ಇರಬೇಕು, ತುಂತುರು ನೇರ ಕಣ್ಣಿಗೆ. ಮೈಲುತುತ್ತ ವಿಷ ಅಂತ ಎಲ್ಲರಿಗೂ ಗೊತ್ತು. ಎಲೆಗೆ ಹಚ್ಚಿ ತಿನ್ನುವ ಸುಣ್ಣಕ್ಕೆ ಯಾರು ಹೆದರ್ತಾರೆ? ಆದರೆ ಸುಣ್ಣ ಕಣ್ಣನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ಅರಳುವಾಗ ಸಿಡಿದ ಒಂದು ಚೂರು ರೆಪ್ಪೆಯಡಿ ಉಳಿದರೂ ಸುಡುತ್ತಲೇ ಇರುತ್ತದೆ. ಕರಿಗುಡ್ಡೆ ಬೆಳ್ಳಗಾದ ಮೇಲೆ ದೃಷ್ಟಿ ವಾಪಸು ಬರುವುದು ಕಷ್ಟ.

ಆದ್ದರಿಂದ ಮೊದಲು ಬೈಕು ಹುಡುಕಬೇಡಿ, ನೀರು ಹುಡುಕಿ. ಕಣ್ಣು ಉಜ್ಜಬಾರದು. ಔಷಧಿ ಬಿದ್ದ ಕಣ್ಣು ಕೆಳಗೆ ಬರುವಂತೆ ತಲೆ ವಾಲಿಸಿ, ರೆಪ್ಪೆ ಬಿಡಿಸಿ ಹಿಡಿದು, ಮೂಗಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಸುರಿಯಿರಿ. ಗಡಿಯಾರ ನೋಡಿ, 15 ನಿಮಿಷಕ್ಕೆ ಕಡಿಮೆ ಇಲ್ಲ. ಸುಣ್ಣವಾದರೆ ಅರ್ಧ ಗಂಟೆ. ಕಾಣುವ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಎದೆಹಾಲು, ಹರಳೆಣ್ಣೆ ಬೇಡ, ಅಜ್ಜಿ ಹೇಳಿದ್ದರೂ ಬೇಡ. ಸುಣ್ಣದ ಕಲೆಗೆ ನಿಂಬೆಹುಳಿ ಅನ್ನುವುದು ಪಾತ್ರೆಗೆ ಸರಿ, ಕಣ್ಣಿಗಲ್ಲ. ತೊಳೆದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲೇಬೇಕು. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಡಬ್ಬದ ಚೀಟಿ ಜೊತೆಗಿರಲಿ.

ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಕಣ್ಣಿನ ಮೂಲಕ ಮೈಗೂ ಏರಬಹುದು. ಪಾಪೆ ಸಾಸಿವೆಯಷ್ಟಾಗಿ ಮಂಜು ಕವಿಯುತ್ತದೆ, ಬೆವರು, ವಾಂತಿ ಬಂದರೆ ತಡಮಾಡಬೇಡಿ. ಪ್ಯಾರಾಕ್ವಾಟ್ ಕಳೆನಾಶಕ ಮೋಸಗಾರ, ಮೊದಲ ದಿನ ಬರೀ ಕೆಂಪು, ಹುಣ್ಣು ಆಮೇಲೆ ಕಾಣಿಸಬಹುದು.

ಡಬ್ಬದ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರುತ್ತದಲ್ಲ, ಅದು ಹೊಟ್ಟೆಗೆ ಹೋದ, ಚರ್ಮಕ್ಕೆ ತಾಗಿದ ವಿಷದ ಲೆಕ್ಕ. ಕಣ್ಣಿನ ಲೆಕ್ಕವಲ್ಲ. ಹಸಿರು ಅಂತ ಧೈರ್ಯ ಬೇಡ.

ಅಂಗಡಿಯವನು ಡಬ್ಬವನ್ನು ಉದ್ದರಿ ಕೊಡುತ್ತಾನೆ, ಕನ್ನಡಕ ಕೊಡುವುದಿಲ್ಲ. ಪಕ್ಕ ಮುಚ್ಚಿದ ಕನ್ನಡಕದ ದುಡ್ಡು ಕೂಲಿಯಲ್ಲಿ ಮುರಿಯುವಂತಿಲ್ಲ, ಅದು ತೋಟದ ಯಜಮಾನನ ಖರ್ಚು. ಔಷಧಿ ಡ್ರಮ್ಮಿನಿಂದ ದೂರ, ಎರಡು ಕೊಡ ಒಳ್ಳೆ ನೀರು ಮುಚ್ಚಿಟ್ಟ ಮೇಲೆಯೇ ಪಂಪು ಚಾಲೂ ಮಾಡಿ.