ಅಮ್ಮನ ಬಿ.ಪಿ. ಮತ್ತು ಮಾಸು

ಮಕ್ಕಳೇ, ನೀವು ಅಮ್ಮನ ಹೊಟ್ಟೆಯಲ್ಲಿದ್ದಾಗ ನಿಮ್ಮ ಜೊತೆಗೇ ಇನ್ನೊಂದು ಅಂಗವೂ ಬೆಳೆಯುತ್ತಿತ್ತು. ಅದರ ಹೆಸರು ಮಾಸು. ಹೊಕ್ಕುಳಬಳ್ಳಿಯ ಒಂದು ತುದಿಗೆ ನೀವು, ಇನ್ನೊಂದು ತುದಿಗೆ ಅದು! ಹೆರಿಗೆಯ ಹೊತ್ತಿಗೆ ಸುಮಾರು ಅರ್ಧ ಕಿಲೋ ತೂಗುವ ಮಾಸು, ಮಗು ಹುಟ್ಟಿದ ಮೇಲೆ ತಾನೂ ಹೊರಬರುತ್ತದೆ.

ಮಾಸಿನಲ್ಲಿ ಅಮ್ಮನ ರಕ್ತವೂ ಮಗುವಿನ ರಕ್ತವೂ ಅಕ್ಕಪಕ್ಕದಲ್ಲೇ ಹರಿಯುತ್ತವೆ, ಆದರೆ ಒಂದಕ್ಕೊಂದು ಬೆರೆಯುವುದಿಲ್ಲ. ನಡುವಿನ ತೆಳು ಪದರ ದಾಟಿ ಆಹಾರ, ಆಮ್ಲಜನಕ ಮಗುವಿಗೆ ಸೇರುತ್ತವೆ. ಮಾಸು ಸುಮ್ಮನೆ ಕೂರುವುದೂ ಇಲ್ಲ. ಹಾರ್ಮೋನುಗಳನ್ನೂ ಕೆಲವು ಪ್ರೋಟೀನುಗಳನ್ನೂ ತಯಾರಿಸಿ ಅಮ್ಮನ ರಕ್ತಕ್ಕೆ ಬಿಡುತ್ತದೆ.

ಈಗ ಹಿತ್ತಲಿಗೆ ಬನ್ನಿ. ಗಿಡಕ್ಕೆ ನೀರು ಬಿಡುವ ಪೈಪನ್ನು ಕೈಯಲ್ಲಿ ಹಿಡಿದು, ಅದರ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ. ಬೆರಳನ್ನು ನೀರು ಹೇಗೆ ಒತ್ತುತ್ತದೆ, ನೋಡಿದಿರಾ? ದಾರಿ ಕಿರಿದಾದರೆ ಒಳಗಿನ ಒತ್ತಡ ಏರುತ್ತದೆ. ನಮ್ಮ ರಕ್ತನಾಳಗಳಲ್ಲೂ ಹೀಗೇ. ರಕ್ತದ ಈ ಒತ್ತಡವನ್ನೇ ಬಿ.ಪಿ. ಎನ್ನುತ್ತಾರೆ.

ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ರಕ್ತನಾಳಗಳೊಳಗೆ ಹೊಕ್ಕು ಅವನ್ನು ಅಗಲ ಮಾಡುತ್ತವೆ. ಎಷ್ಟು ಜಾಣ ಕೆಲಸ! ಕೆಲವೊಮ್ಮೆ ಆ ನಾಳಗಳು ಸಾಕಷ್ಟು ಅಗಲವಾಗುವುದಿಲ್ಲ. ಆಗ ಮಾಸಿಗೆ ರಕ್ತ ಸಾಲದೆ, ಅದು ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನನ್ನು ಅತಿಯಾಗಿ ಬಿಡತೊಡಗುತ್ತದೆ.

ಅಮ್ಮನ ರಕ್ತನಾಳಗಳನ್ನು ಆರೋಗ್ಯವಾಗಿಡುವ ಬೇರೆ ಪ್ರೋಟೀನುಗಳಿವೆ. ಎಸ್‌ಎಫ್‌ಎಲ್‌ಟಿ-1 ಹೋಗಿ ಅವನ್ನೇ ಹಿಡಿದುಕೊಂಡು ಬಿಡುತ್ತದೆ. ಅವುಗಳ ಆರೈಕೆ ತಪ್ಪಿದ ರಕ್ತನಾಳಗಳು ಮೈತುಂಬ ಬಿಗಿಯುತ್ತವೆ, ಬಿ.ಪಿ. ಏರುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುವುದೂ ಉಂಟು. 2003ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅನಂತ್ ಕರುಮಾಂಚಿ ಮತ್ತು ಜೊತೆಗಾರರು ಇಲಿಗಳ ಮೈಯಲ್ಲಿ ಈ ಪ್ರೋಟೀನನ್ನು ಹೆಚ್ಚಿಸಿ ನೋಡಿದರು. ಅವುಗಳಿಗೂ ಇವೇ ಎರಡು ತೊಂದರೆಗಳು ಕಾಣಿಸಿಕೊಂಡವು!

ಈ ಕಾಯಿಲೆಗೆ ಪ್ರೀಎಕ್ಲಾಂಪ್ಸಿಯಾ ಎಂದು ಹೆಸರು. ಬಸುರಿಯರ ಬಿ.ಪಿ. ಏರಲು ಬೇರೆ ಕಾರಣಗಳೂ ಇರುತ್ತವೆ. ಇದು ಮಾತ್ರ ಸಾಮಾನ್ಯವಾಗಿ 20 ವಾರ ಕಳೆದ ಮೇಲೆ ಬರುತ್ತದೆ. ಇದರಲ್ಲಿ ಅಮ್ಮನ ತಪ್ಪಿಲ್ಲ, ಪಾಪುವಿನ ತಪ್ಪಂತೂ ಇಲ್ಲವೇ ಇಲ್ಲ. ಮಾಸು ಹೊರಬಂದ ಮೇಲೆ ಹೆಚ್ಚಿನವರಲ್ಲಿ ಕೆಲವು ದಿನ, ವಾರಗಳಲ್ಲಿ ಬಿ.ಪಿ. ಇಳಿಯುತ್ತದೆ. ಆದರೂ ಬಾಣಂತಿಯನ್ನು ವೈದ್ಯರು ನೋಡುತ್ತಲೇ ಇರಬೇಕು.

ಬಿ.ಪಿ. 140/90 ತಲುಪಿದರೂ ಬಸುರಿಗೆ ಏನೂ ಗೊತ್ತಾಗದೆ ಇರಬಹುದು, ಅಳತೆ ಮಾಡಿಯೇ ತಿಳಿಯಬೇಕು. ನಿಮ್ಮ ಮನೆಯಲ್ಲಿ ಅಕ್ಕನೋ ಚಿಕ್ಕಮ್ಮನೋ ಬಸುರಿಯಾಗಿದ್ದರೆ, "ಈ ಸಲ ಬಿ.ಪಿ. ನೋಡಿಸಿದಿರಾ?" ಎಂದು ಕೇಳಿ. ಜೋರು ತಲೆನೋವು, ಕಣ್ಣು ಮಂಜು, ಮುಖದಲ್ಲಿ ದಿಢೀರ್ ಊತ ಎಂದರೆ ತಡಮಾಡದೆ ದೊಡ್ಡವರಿಗೆ ಹೇಳಿ, ಆಸ್ಪತ್ರೆಗೆ ಹೊರಡಿಸಿ.