ಹುಣಸೆಬೀಜ, ಹಗ್ಗ ಮತ್ತು ಊರಿನ ತೊಂಬೆ: ಮಕ್ಕಳಿಗೆ ವೃತ್ತದ ಅಳತೆ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಎರಡು ಅಂಗುಲದ ಎರಡು ಕೊಳವೆಗಳು ನಾಲ್ಕು ಅಂಗುಲದ ಒಂದು ಕೊಳವೆಗೆ ಸಮವೇ? ಕುಡಿಯುವ ನೀರಿನ ಚರ್ಚೆ ನಡೆಯುವ ಸಭೆಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ‘ಸಮ’ ಎಂದು ತಲೆದೂಗುವುದು ಸುಲಭ. ವಾಸ್ತವದಲ್ಲಿ ನಾಲ್ಕು ಅಂಗುಲದ ಒಂದು ಬಾಯಿಗೆ ಸರಿಗಟ್ಟಲು ಎರಡು ಅಂಗುಲದ ನಾಲ್ಕು ಬಾಯಿಗಳು ಬೇಕು. ಇದನ್ನು ಏಳನೆಯ ತರಗತಿಯ ಮಗುವೂ ಹೇಳಬಲ್ಲದು. ಆದರೆ ಹೇಳುವುದು ಸೂತ್ರವನ್ನು ಬಾಯಿಪಾಠ ಮಾಡಿದ ಮಗುವಲ್ಲ, ಹುಣಸೆಬೀಜ ಎಣಿಸಿದ ಮಗು.

ಆಟ ಸರಳವಾದುದು. ನೆಲದ ಮೇಲೆ 20 ಸೆಂ.ಮೀ. ವ್ಯಾಸದ ಒಂದು ವೃತ್ತ, 40 ಸೆಂ.ಮೀ. ವ್ಯಾಸದ ಇನ್ನೊಂದು ವೃತ್ತ. ಎರಡರಲ್ಲೂ ಹುಣಸೆಬೀಜಗಳನ್ನು ಒಂದೇ ಪದರವಾಗಿ ಒತ್ತೊತ್ತಾಗಿ ಹರಡಿ ಎಣಿಸಬೇಕು. ಎರಡು ಪಟ್ಟು ಬೀಜ ಸಾಕೆಂದು ಪಂದ್ಯ ಕಟ್ಟಿದ ಮಕ್ಕಳು, ಹೆಚ್ಚುಕಡಿಮೆ ನಾಲ್ಕು ಪಟ್ಟು ಬೀಜ ಹಿಡಿದುದನ್ನು ಕಂಡು ಮತ್ತೊಮ್ಮೆ ಎಣಿಸಲು ಕೂರುತ್ತಾರೆ. ಆ ಎರಡನೆಯ ಎಣಿಕೆಯಲ್ಲಿಯೇ ಪಾಠವಿದೆ.

ವ್ಯಾಸಕ್ಕೂ ಪರಿಧಿಗೂ ಇರುವ ಸಂಬಂಧವನ್ನು ತಿಳಿಯಲು ಬಳೆ, ಚೊಂಬು, ಸೈಕಲ್ಲಿನ ಚಕ್ರ ಸಾಕು. ದಾರವನ್ನು ಸುತ್ತಿ ಅಳೆದು, ಬಂದುದನ್ನು ವ್ಯಾಸದಿಂದ ಭಾಗಿಸಬೇಕು. ಬಳೆಯ ಪರಿಧಿ 20 ಸೆಂ.ಮೀ., ವ್ಯಾಸ 6.3 ಸೆಂ.ಮೀ. ಎಂದು ಬಂದರೆ ಭಾಗಲಬ್ಧ 3.17. ಚೊಂಬಿಗೆ 3.1 ಬರಬಹುದು. ಪುಸ್ತಕದಲ್ಲಿ 3.14 ಇದೆಯೆಂದು ಮಗುವಿನ ಉತ್ತರಕ್ಕೆ ಕೆಂಪು ಗೀಟು ಎಳೆಯುವುದು ಸರಿಯಲ್ಲ. ದಾರ ಹಿಗ್ಗಿತೇ, ಟೇಪು ವೃತ್ತದ ನಡುವಿನಿಂದ ಹಾಯದೆ ಪಕ್ಕಕ್ಕೆ ಸರಿಯಿತೇ ಎಂದು ಮಕ್ಕಳೇ ಹುಡುಕಲಿ. 3.1416ರಷ್ಟು ನಿಕಟವಾದ ಬೆಲೆಯನ್ನು ಕೊಟ್ಟ ಆರ್ಯಭಟನೂ ಅದನ್ನು ‘ಆಸನ್ನ’, ಅಂದರೆ ಸಮೀಪದ ಬೆಲೆ ಎಂದೇ ಕರೆದನು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಸ್ಥೂಲ ಲೆಕ್ಕಕ್ಕೆ 3ನ್ನು, ಸೂಕ್ಷ್ಮ ಲೆಕ್ಕಕ್ಕೆ 10ರ ವರ್ಗಮೂಲವನ್ನು ಬಳಸಿದನು.

ವಿಸ್ತೀರ್ಣದ ಸೂತ್ರಕ್ಕೆ ಒಂದು ಜೋಳದ ರೊಟ್ಟಿ ಸಾಕು. ಅದನ್ನು 16 ಸಮಭಾಗಗಳಾಗಿ ಕತ್ತರಿಸಿ, ತುದಿಗಳನ್ನು ಮೇಲೆ ಕೆಳಗೆ ಮಾಡಿ ಜೋಡಿಸಿದರೆ ಹೆಚ್ಚುಕಡಿಮೆ ಒಂದು ಆಯತವಾಗುತ್ತದೆ. ಅದರ ಉದ್ದ ಪರಿಧಿಯ ಅರ್ಧ, ಎತ್ತರ ತ್ರಿಜ್ಯ. ಪಾಠ ಮುಗಿದ ಮೇಲೆ ಉಪಕರಣವನ್ನು ತಿನ್ನಲೂಬಹುದು.

ಕ್ರೀಡಾಕೂಟದ ಮುನ್ನಾದಿನ ಗುಂಡು ಎಸೆತದ ವೃತ್ತವನ್ನು ಮಕ್ಕಳಿಂದಲೇ ಹಾಕಿಸಬೇಕು. ಅದರ ವ್ಯಾಸ 2.135 ಮೀಟರ್. ಗೂಟಕ್ಕೆ ಅಷ್ಟುದ್ದದ ಹಗ್ಗವನ್ನೇ ಕಟ್ಟಿ ಸುತ್ತುವ ತಂಡ ಒಂದಾದರೂ ಇರುತ್ತದೆ. ತಡೆಯಬಾರದು. ಎರಡು ಪಟ್ಟು ಅಗಲದ ವೃತ್ತದೊಳಗೆ ನಿಂತು ನಗುವ ಮಕ್ಕಳು ತ್ರಿಜ್ಯವನ್ನೂ ವ್ಯಾಸವನ್ನೂ ಮತ್ತೆ ಅದಲುಬದಲು ಮಾಡುವುದು ಕಷ್ಟ.

ಪಂಚಾಯತಿಯ ನೆರವು ಬೇಕಾಗುವುದು ಇದರ ಮುಂದಿನ ಹೆಜ್ಜೆಗೆ: ಊರಿನ ನೀರಿನ ತೊಂಬೆಯನ್ನು ಅಳೆಯಲು. ಮುಚ್ಚಳವಿರುವ ತೊಂಬೆಯ ನಟ್ಟನಡುವೆ ಟೇಪು ಹಿಡಿಯಲು ಬಾರದು. ಹೊರಗಿನಿಂದ ಸುತ್ತಿ ಅಳೆದೇ ವ್ಯಾಸವನ್ನು ತಿಳಿಯಬೇಕು. ಸುತ್ತಳತೆ 6.6 ಮೀಟರ್ ಬಂದಿತೆನ್ನಿ. 3.14ರಿಂದ ಭಾಗಿಸಿದರೆ ಹೊರವ್ಯಾಸ 2.1 ಮೀಟರ್. ಗೋಡೆಯ ದಪ್ಪ 5 ಸೆಂ.ಮೀ. ಇದ್ದರೆ ಒಳವ್ಯಾಸ 2 ಮೀಟರ್. ನೀರು 1.5 ಮೀಟರ್ ಎತ್ತರ ನಿಲ್ಲುವುದಾದರೆ ತೊಂಬೆ ಹಿಡಿಯುವುದು 4,710 ಲೀಟರ್. ಗೋಡೆಯನ್ನು ಮರೆತ ಮಗುವಿನ ಲೆಕ್ಕದಲ್ಲಿ ಸುಮಾರು 480 ಲೀಟರ್ ಹೆಚ್ಚು ಬರುತ್ತದೆ. 15 ಲೀಟರಿನ ಕೊಡದ ಲೆಕ್ಕದಲ್ಲಿ ಅದು 32 ಕೊಡ. ಇಲ್ಲದ 32 ಕೊಡಗಳಿಗಾಗಿ ಸಾಲು ನಿಲ್ಲುವವರು ಆ ಮಗುವಿನ ಮನೆಯವರೇ.

ಇದು ಶಾಲೆಯ ಅಂಕಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಕಾಮಗಾರಿಯ ಹಣ ಪಾವತಿಯಾಗುವುದು ಅಳತೆ ಪುಸ್ತಕದ ಆಧಾರದ ಮೇಲೆ. 5 ಮೀಟರ್ ವ್ಯಾಸದ ಬಾವಿಯನ್ನು ಪುಸ್ತಕದಲ್ಲಿ 5.5 ಮೀಟರ್ ಎಂದು ಬರೆದರೆ ವ್ಯಾಸದ ವ್ಯತ್ಯಾಸ ಶೇ. 10 ಮಾತ್ರ, ಅಗೆದ ಮಣ್ಣಿನ ಲೆಕ್ಕದಲ್ಲಿ ಮಾತ್ರ ಶೇ. 21ರಷ್ಟು ಏರಿಕೆಯಾಗುತ್ತದೆ. ಸಾಮಾಜಿಕ ಪರಿಶೋಧನೆಯ ಗ್ರಾಮ ಸಭೆಯಲ್ಲಿ ಅರ್ಧ ಮೀಟರ್ ತಾನೇ ಎಂದು ಜನ ಸುಮ್ಮನಿರುವುದು ಈ ಲೆಕ್ಕ ತಿಳಿಯದಿದ್ದಾಗ. ಬೀಜ ಎಣಿಸಿದ ಮಗು ದೊಡ್ಡದಾದ ಮೇಲೆ ಹಾಗೆ ಸುಮ್ಮನಿರಲಾರದು.

ಆದುದರಿಂದ ಸದಸ್ಯರಲ್ಲಿ ಕೋರುವುದಿಷ್ಟು. ಪಂಚಾಯತಿ ಕಚೇರಿಯ 30 ಮೀಟರ್ ಟೇಪನ್ನು ಒಂದು ದಿನದ ಮಟ್ಟಿಗೆ ಶಾಲೆಗೆ ಕೊಡಬೇಕು. ಅಳತೆಯ ಹೊತ್ತಿಗೆ ನೀರುಗಂಟಿಯೂ ವಾರ್ಡಿನ ಸದಸ್ಯರೂ ಜೊತೆಗಿರಬೇಕು. ಕಟ್ಟೆಯಿಲ್ಲದ ಬಾವಿಯ ಹತ್ತಿರ ಮಕ್ಕಳನ್ನು ಯಾವ ಕಾರಣಕ್ಕೂ ಕರೆದೊಯ್ಯಬಾರದು. ತೊಂಬೆಯ ಮೇಲೆ ಹತ್ತಿಸಲೂಬಾರದು. ಎತ್ತರವನ್ನು ನೀರುಗಂಟಿಯೇ ಅಳೆದು ಹೇಳಲಿ. ಮಾರ್ಚ್ 14 ಅಂತರರಾಷ್ಟ್ರೀಯ ಗಣಿತ ದಿನವಾದರೂ ಆ ವೇಳೆಗೆ ಶಾಲೆಗಳಲ್ಲಿ ಪರೀಕ್ಷೆಯ ಗಡಿಬಿಡಿ ಇರುತ್ತದೆ. ಮಕ್ಕಳ ಗ್ರಾಮ ಸಭೆಗೆ ಎರಡು ವಾರ ಮುಂಚೆ ಇದನ್ನು ಇಟ್ಟುಕೊಳ್ಳುವುದು ಮೇಲು. ಅಳತೆಗಳನ್ನು ಮಕ್ಕಳು ಆ ಸಭೆಯಲ್ಲಿಯೇ ಓದಲಿ. ಅವು ನಡವಳಿಯಲ್ಲಿ ದಾಖಲಾಗಲಿ. ತೊಂಬೆಯ ಮೇಲೆ ಬರೆದಿರುವ ಲೀಟರಿಗೂ ಮಕ್ಕಳ ಲೆಕ್ಕಕ್ಕೂ ತಾಳೆಯಾಗದಿದ್ದಲ್ಲಿ, ಅಭಿಯಂತರರು ಅದೇ ಮಕ್ಕಳ ಎದುರಿನಲ್ಲಿ ಮತ್ತೊಮ್ಮೆ ಅಳೆಯಬೇಕು. ಬಣ್ಣದ ಬರಹವನ್ನು ತಿದ್ದುವುದೋ ಮಕ್ಕಳ ನೋಟುಪುಸ್ತಕವನ್ನು ತಿದ್ದುವುದೋ ಆಮೇಲೆ ತೀರ್ಮಾನವಾಗಲಿ.